ಮಾಮಾ ತುಂಬಿಸಿ ಕೊಟ್ಟ ಲ್ಯಾಪ್‌ಟಾಪ್

ನಮ್ಮ ಕಡೆ ಒಂದು ಮನೆಯ ಸಾಮಾನು ಅದೇ ಮನೆಯಲ್ಲಿ ಹಳತಾಗಿ ಮೂಲೆ ಸೇರುವುದು ಕಡಿಮೆ. ಅಕ್ಕನ ಸೀರೆ ತಂಗಿಯ ಮೈಮೇಲೆ ಇನ್ನಷ್ಟು ವರ್ಷ ಬಾಳುತ್ತದೆ. ಕಾಕಾನ ಸೈಕಲ್ಲಿಗೆ ಅಣ್ಣನ ಮಗ ಹೊಸ ಸೀಟು ಹಾಕಿಸಿಕೊಳ್ಳುತ್ತಾನೆ. ಹೊಲಿಗೆ ಮಷೀನಂತೂ ತವರಿನಿಂದ ಹೊರಟು ಎಷ್ಟು ಮನೆ ತಿರುಗುತ್ತದೋ ಯಾರಿಗೂ ನೆನಪಿರುವುದಿಲ್ಲ. ಭಾಲ್ಕಿ ತಾಲ್ಲೂಕಿನ ಸಾಯಗಾಂವದಲ್ಲಿ ವೈಜಿನಾಥನ ಮನೆಗೆ ಲ್ಯಾಪ್‌ಟಾಪ್ ಬಂದದ್ದೂ ಹೀಗೆಯೇ.

ವೈಜಿನಾಥನ ಮಗಳು ಸಪನಾ ಭಾಲ್ಕಿಯ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿದ್ದಳು. ಅವಳ ತಾಯಿ ಸುಂದರಬಾಯಿಯ ಅಣ್ಣ ಸುಶೀಲಕುಮಾರ ಬೀದರಿನಲ್ಲಿ ಹೈಸ್ಕೂಲ್ ಮಾಸ್ತರ. ಅವನು ಹೊಸ ಲ್ಯಾಪ್‌ಟಾಪ್ ಕೊಂಡ. ಹಳೆಯದನ್ನು ತಂಗಿಯ ಮಗಳಿಗೆ ಕೊಡೋಣವೆಂದು ದೀಪಾವಳಿಗೆ ಔರಾದ್ ತಾಲ್ಲೂಕಿನ ಎಕಂಬಾಕ್ಕೆ ತಂದ. ಅದು ಅವರ ಹುಟ್ಟೂರು. ತಾಯಿ ಕೇಶರಬಾಯಿ ಅಲ್ಲಿಯೇ ಇರುತ್ತಾಳೆ.

"ಅವ್ವಾ, ಇದರಾಗ ನಂದೆಲ್ಲಾ ಭಾಳ ತುಂಬ್ಯಾದ. ಖಾಲಿ ಮಾಡಿ ಕೊಡ್ಬೇಕು ಅಂತಾರ," ಎಂದು ಸುಶೀಲಕುಮಾರ ಅಂದ.

ಕೇಶರಬಾಯಿ ಮಗನ ಮುಖ ನೋಡಿದಳು. "ಹುಚ್ಚನೇನೋ ನೀ? ಮಗಳ ಮನಿಗಿ ಖಾಲಿ ಡಬ್ಬಿ ಯಾರರೆ ಕಳಿಸ್ತಾರೇನು? ಇದ್ದದ್ದು ಇರ್ಲಿ ಅದರಾಗ. ಹಾಂಗೇ ಕೊಡು."

ಆಕೆಯ ಮನೆಯಿಂದ ಯಾವ ಡಬ್ಬಿಯೂ ಖಾಲಿ ಹೋದದ್ದಿಲ್ಲ. ಪಕ್ಕದ ಮನೆಯವರ ಬೋಗುಣಿ ತಿರುಗಿ ಕೊಡುವಾಗಲೂ ಒಂದು ಹಿಡಿ ಶೇಂಗಾ, ಅದೂ ಇಲ್ಲದಿದ್ದರೆ ಒಂದು ಚೂರು ಬೆಲ್ಲ ಇರಲೇಬೇಕು. ಮಗಳ ಮನೆಗೆ ಹೋಗುವುದಾದರೆ ಕೇಳುವುದೇ ಬೇಡ. ಸುಶೀಲಕುಮಾರ ನಕ್ಕು ಒಪ್ಪಿದ. ಹೇಗೂ ಅಷ್ಟೆಲ್ಲ ಅಳಿಸುತ್ತ ಕೂರಲು ಅವನಿಗೂ ಬೇಸರವಿತ್ತು. ಪಾಸ್‌ವರ್ಡು ತನ್ನ ಮಗಳು ಮಹಾಮಾಯಾಳ ಹೆಸರೇ ಎಂದು ಎಲ್ಲರೆದುರು ಹೇಳಿ ಲ್ಯಾಪ್‌ಟಾಪನ್ನು ಹಬ್ಬಕ್ಕೆ ಬಂದಿದ್ದ ಸಪನಾಳ ಕೈಗಿಟ್ಟ.

ಅದಾಗಿ ಕೆಲವು ವಾರ ಕಳೆದಿದ್ದವು. ಒಂದು ಭಾನುವಾರ ಬೆಳಿಗ್ಗೆ ಬೀದರಿನಿಂದ ಫೋನು ಬಂತು.

"ಸಪನಾ, ಮನ್ಯಾಗ ಇದ್ದೀ ಇಲ್ಲ? ಜರಾ ಲ್ಯಾಪ್‌ಟಾಪ್ ತೆಗಿ," ಸುಶೀಲಕುಮಾರನ ಧ್ವನಿ ಎಂದಿನಂತೆ ಇರಲಿಲ್ಲ. "ಅದರಾಗ ಆಯಿದು ಎದಿ ಸ್ಕ್ಯಾನಿಂಗ್ ಫೋಟೋ ಅದಾವ. ನಾಳಿ ಹೈದ್ರಾಬಾದ್ ದವಾಖಾನಿಗಿ ಒಯ್ಬೇಕು."

ಆಯಿ ಎಂದರೆ ಅಜ್ಜಿ ಕೇಶರಬಾಯಿ. ಆಕೆಗೆ ಕೆಮ್ಮು ನಿಂತಿರಲಿಲ್ಲ. ಬೀದರಿಗೆ ಕರೆತಂದು ಸ್ಕ್ಯಾನ್ ಮಾಡಿಸಿದಾಗ ಶ್ವಾಸಕೋಶದಲ್ಲಿ ತೊಗರಿ ಕಾಳಿನಷ್ಟು ಒಂದು ಕಲೆ ಕಂಡಿತ್ತು. ಅದನ್ನು ನೋಡಿದ ಹೈದರಾಬಾದಿನ ಡಾಕ್ಟರು ಒಂದೇ ಪ್ರಶ್ನೆ ಕೇಳಿದ್ದರು: ಇದು ಹಳೆಯ ಕಲೆಯೋ, ಹೊಸದೋ? ಹಿಂದೆ ಯಾವಾಗಲಾದರೂ ಎದೆಯ ಸ್ಕ್ಯಾನ್ ಮಾಡಿಸಿದ್ದರೆ ತನ್ನಿ, ಎರಡನ್ನೂ ತಾಳೆ ನೋಡೋಣ. ಆಗಲೂ ಇಷ್ಟೇ ಇದ್ದರೆ ಸುಮ್ಮನೆ ಕಾಯಬಹುದು. ಬೆಳೆದಿದ್ದರೆ, ಅಥವಾ ಹಳೆಯ ಚಿತ್ರವೇ ಇಲ್ಲದಿದ್ದರೆ, ಎದೆಗೆ ಸೂಜಿ ಇಳಿಸಿ ಚೂರು ತೆಗೆದು ಪರೀಕ್ಷೆ ಮಾಡಬೇಕಾಗುತ್ತದೆ. ಈ ವಯಸ್ಸಿಗೆ, ಈ ಉಸಿರಿಗೆ, ಅದು ಸಣ್ಣ ಮಾತಲ್ಲ.

ಹಳೆಯ ಸ್ಕ್ಯಾನ್ ಆಗಿತ್ತು. ಎರಡು ವರ್ಷದ ಹಿಂದೆ ಜ್ವರ ಎದೆಗೆ ಇಳಿದಾಗ ಮಾಡಿಸಿದ್ದು. ಮಾಡಿದ ಸೆಂಟರು ಆಮೇಲೆ ಬಾಗಿಲು ಮುಚ್ಚಿತು. ಅವರು ಕೊಟ್ಟ ಸೀಡಿಯನ್ನು ಕೇಶರಬಾಯಿಯೇ ಎಕಂಬಾದ ಹೊಲದಲ್ಲಿ ಜೋಳದ ತೆನೆಗೆ ಬರುವ ಹಕ್ಕಿ ಬೆದರಿಸಲು ದಾರಕ್ಕೆ ಪೋಣಿಸಿ ತೂಗುಹಾಕಿದ್ದಳು. ಬಿಸಿಲಿಗೆ ಮಳೆಗೆ ಅದು ಸಿಪ್ಪೆ ಎದ್ದು ಹೋಗಿತ್ತು. ಪುಣ್ಯಕ್ಕೆ ಅದಕ್ಕೂ ಮೊದಲೇ ಸುಶೀಲಕುಮಾರ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಹಾಕಿಕೊಂಡಿದ್ದ.

"ನನ್ನ ಫೋನಿನ್ಯಾಗೂ ಕಾಣ್ತಿದ್ದವು ಅಂತ ಹೊಸಾ ಲ್ಯಾಪ್‌ಟಾಪಿಗಿ ಹಾಕ್ಕೊಂಡಿರ್ಲಿಲ್ಲ," ಅವನು ಹೇಳುತ್ತಿದ್ದ. "ಈಗ ನೋಡಿದ್ರ ಒಂದೂ ಇಲ್ಲ. ಆಯಿದು ಇಲ್ಲ, ಮಹಾಮಾಯಾಂದು ಸರ್ಟಿಫಿಕೇಟ್ ಇಲ್ಲ, ಏನಂದ್ರ ಏನೂ ಇಲ್ಲ. ಯಾರೋ ನನ್ನ ಫೋನ್ದಾಗ ಹೊಕ್ಕು ಒರೆಸ್ಯಾರ. ಪೊಲೀಸರಿಗಿ ಹೇಳ್ಬೇಕೋ ಏನೋ ತಿಳೀವಲ್ದು. ನಿನ್ನ ಕಡಿ ಇದ್ರ ಬಚಾವ್ ಆದೆವು ನೋಡು."

"ನೋಡ್ತೇನಿ ಮಾಮಾ," ಎಂದು ಸಪನಾ ಫೋನಿಟ್ಟಳು.

ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಎಲ್ಲವನ್ನೂ ಅವಳೇ ಅಳಿಸಿದ್ದಳು.

ಕೆಟ್ಟ ಮನಸ್ಸಿನಿಂದ ಅಲ್ಲ. ಕಾಲೇಜಿನವರು ಹೇಳಿದ ಸಾಫ್ಟ್‌ವೇರ್ ಹಾಕಲು ಜಾಗವಿರಲಿಲ್ಲ, ಅದೊಂದು. ಇನ್ನೊಂದು ಈರಮ್ಮನ ಸಂಗತಿ. ಪಕ್ಕದ ಮನೆಯ ಈರಮ್ಮ ಒಂದು ಅರ್ಜಿ ತುಂಬಿಸಿಕೊಳ್ಳಲು ಬಂದು ಪಕ್ಕದಲ್ಲೇ ಕೂತಿದ್ದಳು. ಆಗಲೇ ಪರದೆಯ ಮೂಲೆಯಲ್ಲಿ ಮಾಮಾನ ಹೆಸರಿಗೆ ಮೇಲ್ ಬಂದ ಸೂಚನೆ ಪುಟಿದೆದ್ದಿತ್ತು. ಮಾಮಿಯ ರಕ್ತ ಪರೀಕ್ಷೆಯ ವರದಿ ಬಂದಿದೆ ಎಂದು ಹೆಸರಿನ ಸಮೇತ. "ಯಾಕವ್ವಾ, ನಿಮ್ಮ ಮಾಮಿಗಿ ಏನಾಗ್ಯಾದ?" ಎಂದು ಈರಮ್ಮ ಕೇಳಿದಾಗ ಸಪನಾಳಿಗೆ ನೆಲ ಬಾಯಿಬಿಡಬಾರದೆ ಅನ್ನಿಸಿತ್ತು. ಹಿರಿಯರ ಗುಟ್ಟನ್ನು ಇಟ್ಟುಕೊಳ್ಳುವುದೂ ತಪ್ಪು, ತೆರೆದು ನೋಡುವುದೂ ತಪ್ಪು ಎಂದುಕೊಂಡು ಅವಳು ಒಂದು ಫೋಟೋವನ್ನೂ ನೋಡದೆ ಎಲ್ಲವನ್ನೂ ಒಟ್ಟಿಗೆ ಆರಿಸಿ ಅಳಿಸಿದಳು. ಲ್ಯಾಪ್‌ಟಾಪಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದಳು. ಮರ್ಯಾದೆಯ ಕೆಲಸ ಮಾಡಿದೆನೆಂದು ಆ ದಿನ ಅವಳಿಗೆ ಹಗುರೆನಿಸಿತ್ತು.

ಆದರೆ ಇಲ್ಲಿ ಅಳಿಸಿದರೆ ಬೀದರಿನ ಫೋನಿನಲ್ಲಿ ಯಾಕೆ ಹೋಯಿತು? ಅದು ಅವಳಿಗೆ ತಿಳಿಯಲಿಲ್ಲ. ಅಡುಗೆ ಮನೆಗೆ ಓಡಿ ತಾಯಿಗೆ ಎಲ್ಲವನ್ನೂ ಹೇಳಿದಳು.

ಸುಂದರಬಾಯಿ ರೊಟ್ಟಿ ಬಡಿಯುತ್ತಿದ್ದಳು. ಮಗಳ ಮಾತು ಕೇಳಿ ಕೈ ಹಿಟ್ಟಿನಲ್ಲೇ ನಿಂತಿತು.

"ಎಲ್ಲಾ ಅಳಿಸ್ದೇನು?"

"ಹೌದವ್ವಾ."

"ಅಣ್ಣಗ ಹೇಳಬ್ಯಾಡ ಈಗೇ. ಲ್ಯಾಪ್‌ಟಾಪ್ ಬಿದ್ದು ಕೆಟ್ಟಾದ ಅಂತ ಹೇಳು. ಇಲ್ಲಂದ್ರ ತವರಮನ್ಯಾಗ ನನ್ನ ಮಾತು ಏನಾಗ್ತದ? ಕೊಟ್ಟದ್ದನ್ನ ಹಾಳ್ ಮಾಡಿದ್ರು ಅಂತಾನ."

"ಸುಳ್ಳು ಹೇಳಿದ್ರ ಆಯಿ ಫೋಟೋ ಬರ್ತಾವೇನವ್ವಾ? ನಾಳಿ ಸೂಜಿ ಹಾಕ್ತಾರ ಅಕಿಗಿ."

ತವೆಯ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಿತು. ಸುಂದರಬಾಯಿ ಅದನ್ನು ತೆಗೆದು ನೆಲದ ಮೇಲೆ ಎಸೆದಳು. ಕಣ್ಣೊರೆಸಿಕೊಂಡಳು, ಹೊಗೆಗೋ ಏನಕ್ಕೋ. "ನಿಮ್ಮ ಕಾಲೇಜದಾಗ ಯಾರರೆ ತಿಳಿದವರು ಇಲ್ಲೇನು?"

ಇದ್ದರು. ಮಹಮೂದಾ ಬೇಗಂ ಮೇಡಂ. ಸಪನಾಳಿಗೆ ಕಂಪ್ಯೂಟರ್ ಪಾಠ ಹೇಳುವವರು. ಅವರ ಮನೆ ಭಾಲ್ಕಿಯಲ್ಲಿ. ವೈಜಿನಾಥ ಹೊಲದಿಂದ ಬರುವ ತನಕವೂ ಕಾಯದೆ ತಾಯಿ ಮಗಳು ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಸುಂದರಬಾಯಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದಿದ್ದಳು, ಕುಲುಕಿದರೆ ಒಳಗೆ ಉಳಿದದ್ದೂ ಚೆಲ್ಲಿಹೋದೀತು ಎನ್ನುವ ಹಾಗೆ. ಸಪನಾಳ ಫೋನು ಎರಡು ಸಲ ಬಡಿದುಕೊಂಡಿತು. ಎರಡೂ ಸಲ ಮಾಮಾನದೇ. ಅವಳು ಎತ್ತಲಿಲ್ಲ.

ಮಹಮೂದಾ ಬೇಗಂ ಅಂಗಳದಲ್ಲಿ ಕೂತು ಖಿಚಡಿಗೆ ಬೇಳೆ ಆರಿಸುತ್ತಿದ್ದರು. ಸಪನಾ ಅಳು ನುಂಗುತ್ತ ಹೇಳಿದ್ದನ್ನೆಲ್ಲ ಕೇಳಿದರು. ಬೈಯಲಿಲ್ಲ. ಕೈ ತೊಳೆದು ಬಂದು ಲ್ಯಾಪ್‌ಟಾಪ್ ತೆರೆದರು. ಪರದೆಯ ಕೆಳಗಿನ ಮೂಲೆಯಲ್ಲಿದ್ದ ಸಣ್ಣ ಮೋಡದ ಗುರುತಿನ ಮೇಲೆ ಬೆರಳಿಟ್ಟರು.

"ಇದು ನೋಡ್ದೇನು ಬೇಟಾ? ನಿಮ್ಮ ಮಾಮಾನ ಆನ್‌ಲೈನ್ ಅಕೌಂಟ್. ಇನ್ನೂ ಚಾಲೂನೇ ಅದ."

"ಅಂದ್ರ ಏನ್ರಿ ಮೇಡಂ?" ಸುಂದರಬಾಯಿ ಕೇಳಿದಳು.

"ನಿಮ್ಮ ಊರಾಗ ನೀರಿನ ಟಾಕಿ ಅದ ಇಲ್ರಿ? ಟಾಕಿ ಒಂದು, ನಳ ಮನಿಗೊಂದು. ನಿಮ್ಮ ಅಣ್ಣಾವರ ಫೈಲುಗಳು ಈ ಲ್ಯಾಪ್‌ಟಾಪ್ದಾಗ ಅಷ್ಟೇ ಇರ್ಲಿಲ್ಲ. ಮ್ಯಾಲೆ ಆನ್‌ಲೈನ್ ಟಾಕಿನ್ಯಾಗ ಇದ್ದವು. ಲ್ಯಾಪ್‌ಟಾಪ್ ಒಂದು ನಳ, ಅವರ ಫೋನ್ ಇನ್ನೊಂದು ನಳ. ಈಕಿ ತನ್ನ ನಳ ಖಾಲಿ ಮಾಡ್ತೇನಿ ಅಂತ ಟಾಕೀನೇ ಖಾಲಿ ಮಾಡ್ಯಾಳ. ಅಲ್ಲಿ ಅವರ ನಳಾನೂ ಒಣಗ್ತು."

"ಹಾಂಗಾದ್ರ ಮಾಮಾನ ಫೋನ್ದಾಗ ಕಳ್ಳರು ಹೊಕ್ಕಿಲ್ಲೇನ್ರಿ?"

"ಇಲ್ಲ. ನೀ ಹೊಕ್ಕಿದಿ. ಬಾಗಲಾ ಅವರೇ ತೆರೆದಿಟ್ಟಿದ್ರು, ನಿನಗ ಬಾಗಲಾ ಅಂತ ಗೊತ್ತಿರ್ಲಿಲ್ಲ."

ಸಪನಾ ತಲೆ ತಗ್ಗಿಸಿದಳು. ಮಹಮೂದಾ ಬೇಗಂ ಮುಂದುವರಿಸಿದರು. "ಆನ್‌ಲೈನ್ದಾಗೂ ಒಂದು ಕಸದ ಬುಟ್ಟಿ ಇರ್ತದ. ಅಳಿಸಿದ್ದು ಅದರಾಗ ಸುಮಾರು ಒಂದು ತಿಂಗಳು ಉಳೀತದ. ಆಮ್ಯಾಲೆ ಹೋಯ್ತಂದ್ರ ಹೋಯ್ತು. ಯಾವಾಗ ಅಳಿಸ್ದಿ?"

"ದೀಪಾವಳಿ ಸೂಟಿ ಮುಗಿದ ವಾರ, ಮೇಡಂ."

ಮೇಡಂ ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ದಿನ ಎಣಿಸಿದರು. ತಿಂಗಳು ತುಂಬಲು ಬಂದಿತ್ತು.

"ಮತ್ತ ಯಾಕ ತಡಾ ಮಾಡ್ತೀರಿ? ಈಗೇ ತೆರೀರಿ ಮೇಡಂ," ಸುಂದರಬಾಯಿ ಎದ್ದೇ ನಿಂತಳು. "ಅಣ್ಣಗ ಗೊತ್ತಾಗೂದ್ರೊಳಗ ಎಲ್ಲಾ ಮೊದಲಿನಂಗ ಇಟ್ಟುಬಿಡೋಣ."

ಮಹಮೂದಾ ಬೇಗಂ ಲ್ಯಾಪ್‌ಟಾಪಿನಿಂದ ಕೈ ತೆಗೆದರು. "ಇದು ಅವರ ಅಕೌಂಟ್ ಅದ್ರಿ ಅಕ್ಕಾ. ಅವರಿಗಿ ಕೇಳಲಾರದ ನಾ ಮುಟ್ಟಂಗಿಲ್ಲ. ಒಂದು ಸಲ ಕೇಳಲಾರದ ಮುಟ್ಟಿದ್ದಕ್ಕೇ ಇಷ್ಟೆಲ್ಲಾ ಆಗ್ಯಾದ. ಮ್ಯಾಲಾಗಿ ಅಕೌಂಟ್ ಅವರ ಪಾಸ್‌ವರ್ಡ್ ಕೇಳ್ತದ, ಅವರ ಫೋನಿಗಿ ನಂಬರ್ ಕಳಿಸ್ತದ. ಫೋನ್ ಹಚ್ಚು ಸಪನಾ."

ಸಪನಾ ತಾಯಿಯ ಕಡೆ ನೋಡಿದಳು. ಸುಂದರಬಾಯಿ ಸೆರಗಿನ ತುದಿ ಹಿಂಡುತ್ತಿದ್ದಳು. ಕೊನೆಗೆ "ಹಚ್ಚು," ಎಂದಳು.

ಸುಶೀಲಕುಮಾರ ಒಂದೇ ರಿಂಗಿಗೆ ಫೋನು ಎತ್ತಿದ. "ಸಿಕ್ತೇನು ಸಪನಾ?"

"ಮಾಮಾ, ನಿಮ್ಮ ಫೋನ್ದಾಗ ಯಾರೂ ಹೊಕ್ಕಿಲ್ಲ. ನಾನೇ ಅಳಿಸಿನಿ. ಜಾಗಾ ಇರ್ಲಿಲ್ಲ ಅಂತ. ಇಲ್ಲಿ ಅಳಿಸಿದ್ರ ಅಲ್ಲಿ ಹೋಗ್ತದ ಅಂತ ಗೊತ್ತಿರ್ಲಿಲ್ಲ."

ಫೋನಿನಲ್ಲಿ ಹಿಂದಿನಿಂದ ಆಯಿ ಕೆಮ್ಮುವುದು ಕೇಳಿಸಿತು.

"ಎಲ್ಲಾ?"

"ಎಲ್ಲಾ."

"ನನಗೊಂದು ಮಾತು ಕೇಳಬಾರದಾ ಸಪನಾ?"

ಅವನು ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಮಹಮೂದಾ ಬೇಗಂ ಫೋನು ಇಸಿದುಕೊಂಡು, ಇನ್ನೂ ಒಂದು ದಾರಿಯಿದೆಯೆಂದೂ, ನಿಮ್ಮ ಫೋನು ತೆಗೆದುಕೊಂಡು ಇಲ್ಲಿಗೇ ಬಂದುಬಿಡಿ ಎಂದೂ ಹೇಳಿದರು.

ಬೀದರಿನಿಂದ ಭಾಲ್ಕಿ ದೂರವೇನಲ್ಲ. ಆದರೆ ಕಾಯುವವರಿಗೆ ಆ ದಾರಿ ಮುಗಿಯಲೇ ಇಲ್ಲ. ಸುಂದರಬಾಯಿ ಬಾಗಿಲಿಗೂ ಪಡಸಾಲೆಗೂ ಓಡಾಡಿದಳು. ಸಪನಾ ಲ್ಯಾಪ್‌ಟಾಪಿನ ಎದುರು ಅಲುಗಾಡದೆ ಕೂತಳು. ಬುಟ್ಟಿಯಲ್ಲಿದ್ದದ್ದು ಈ ಹೊತ್ತಿಗೇ ಕರಗುತ್ತಿದ್ದರೆ? ಮಾಮಾನ ಬಸ್ಸು ದಾರಿಯಲ್ಲಿ ಹಲಬರ್ಗಾದ ಬಳಿ ನಿಂತಾಗಲೇ ಹೋಗಿಬಿಟ್ಟರೆ? ಆಯಿಯ ಎದೆಯ ಮೇಲೆ ಸೂಜಿ ಹಿಡಿದ ಕೈಯೊಂದು ಅವಳ ಕಣ್ಣ ಮುಂದೆ ಬರುತ್ತಿತ್ತು. ಆ ಕೈ ತನ್ನದೇ ಅನ್ನಿಸುತ್ತಿತ್ತು.

ಕೊನೆಗೂ ಆಟೋ ನಿಂತ ಸದ್ದಾಯಿತು. ಸುಶೀಲಕುಮಾರನ ಹಿಂದೆ ಕೇಶರಬಾಯಿಯೂ ಇಳಿದಳು.

"ಮನ್ಯಾಗ ಇರು ಅಂದ್ರ ಕೇಳ್ಲಿಲ್ಲ," ಅಂದ ಸುಶೀಲಕುಮಾರ.

"ಯಾಕ ಇರ್ಲಿ? ಎದಿ ನಂದು, ಫೋಟೋ ನಂದು," ಎಂದಳು ಕೇಶರಬಾಯಿ, ಮೆಟ್ಟಿಲ ಮೇಲೆ ನಿಂತು ಉಸಿರು ತೆಗೆದುಕೊಳ್ಳುತ್ತ. ಮಗಳ, ಮೊಮ್ಮಗಳ ಮುಖ ನೋಡಿದಳು. "ಏನ್ ಹಿಂಗ ಮಾರಿ ಸಣ್ಣ ಮಾಡ್ಕೊಂಡು ಕುಂತೀರಿ? ನಾ ಇನ್ನಾ ಜೀವಂತ ಇದ್ದೇನಿ."

ಯಾರೂ ನಗಲಿಲ್ಲ. ಸುಶೀಲಕುಮಾರ ಸಪನಾಳ ಕಡೆ ನೋಡದೆಯೇ ಕೂತು ಪಾಸ್‌ವರ್ಡು ಒತ್ತಿದ. ಅವನ ಫೋನಿಗೆ ಬಂದ ನಂಬರನ್ನು ತಾನೇ ಹಾಕಿದ. ಆನ್‌ಲೈನ್ ಕಸದ ಬುಟ್ಟಿ ತೆರೆಯಲು ಶುರುವಾಯಿತು. ಪರದೆಯ ನಡುವೆ ಒಂದು ಉಂಗುರ ತಿರುಗಿತು, ನಿಂತಿತು, ಮತ್ತೆ ತಿರುಗಿತು.

"ಏನದು, ಗಿರಗಿಟ್ಲಿ?" ಕೇಶರಬಾಯಿ ಕೇಳಿದಳು.

"ಸುಮ್ನಿರವ್ವಾ."

ಸಾಲು ಸಾಲಾಗಿ ಹೆಸರುಗಳು ಇಳಿದವು. ಶಾಲೆಯ ಪ್ರಶ್ನೆಪತ್ರಿಕೆಗಳು. ಮಹಾಮಾಯಾಳ ಸರ್ಟಿಫಿಕೇಟುಗಳು. ಬುದ್ಧ ಪೂರ್ಣಿಮೆಯ ಫೋಟೋಗಳು. ಯಾವುದೋ ಮದುವೆಯ ಊಟದ ಪಂಕ್ತಿ. ಸುಶೀಲಕುಮಾರನ ಬೆರಳು ಕೆಳಗೆ ಕೆಳಗೆ ಎಳೆಯುತ್ತಲೇ ಇತ್ತು. ಸ್ಕ್ಯಾನಿನದು ಇಲ್ಲ. ಇನ್ನೂ ಕೆಳಗೆ. ಇಲ್ಲ. ಸುಂದರಬಾಯಿ ಗೋಡೆಗೆ ಒರಗಿದಳು.

"ನಿಲ್ರಿ," ಎಂದರು ಮಹಮೂದಾ ಬೇಗಂ. "ಇದೇನು?"

ಕೊನೆಯ ಸಾಲಿನ ಹತ್ತಿರ ಒಂದು ಫೋಲ್ಡರು. ಕೇಶರಬಾಯಿ ಎಂದು ಹೆಸರು. ಪಕ್ಕದಲ್ಲಿ ಒಂದು ಸೂಚನೆ: ಕೆಲವೇ ದಿನಗಳಲ್ಲಿ ಇದು ಶಾಶ್ವತವಾಗಿ ಅಳಿಸಿಹೋಗುತ್ತದೆ.

ಸುಶೀಲಕುಮಾರ ವಾಪಸ್ ತರುವ ಗುಂಡಿ ಒತ್ತಿದ. ಉಂಗುರ ಮತ್ತೆ ತಿರುಗಿತು. ಆಮೇಲೆ ಪರದೆಯ ಮೇಲೆ ಬೂದು ಬಣ್ಣದ ಒಂದು ಚಿತ್ರ ತೆರೆದುಕೊಂಡಿತು. ಪಕ್ಕೆಲುಬುಗಳು, ಅವುಗಳ ನಡುವೆ ಕತ್ತಲು.

ಕೇಶರಬಾಯಿ ಕನ್ನಡಕ ಸರಿ ಮಾಡಿಕೊಂಡು ಬಗ್ಗಿ ನೋಡಿದಳು. "ಇದು ನಾನೇನು? ಒಣಗಿದ ಜಾಲಿ ಗಿಡ ಇದ್ದಾಂಗ ಕಾಣ್ತದಲ್ಲೋ!"

ಆಗ ಸುಂದರಬಾಯಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಸಪನಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಸುಶೀಲಕುಮಾರ ಬಂದ ಮೇಲೆ ಮೊದಲ ಬಾರಿಗೆ ಅವಳ ಕಡೆ ತಿರುಗಿ ತಲೆಯ ಮೇಲೆ ಕೈಯಿಟ್ಟ.

ಮಹಮೂದಾ ಬೇಗಂ ಚಿತ್ರಗಳನ್ನು ಒಂದು ಪೆನ್‌ಡ್ರೈವಿಗೆ ಹಾಕಿದರು. ಅಷ್ಟಕ್ಕೆ ಬಿಡದೆ ಇನ್ನೊಂದಕ್ಕೂ ಹಾಕಿದರು. ತಮ್ಮ ಕಂಪ್ಯೂಟರಿಗೆ ಚುಚ್ಚಿ ಎರಡೂ ತೆರೆಯುತ್ತವೆಯೇ ಎಂದು ನೋಡಿದರು. "ತೆರೆದು ನೋಡೋ ತನಕ ನಕಲು ಆಯ್ತು ಅಂತ ನಂಬಬಾರದು," ಎಂದು ಒಂದನ್ನು ಸುಶೀಲಕುಮಾರನಿಗೆ, ಒಂದನ್ನು ಸುಂದರಬಾಯಿಗೆ ಕೊಟ್ಟರು. "ಇನ್ನ ಈ ಲ್ಯಾಪ್‌ಟಾಪ್ ಪೂರಾ ಸ್ವಚ್ಛ ಮಾಡೋಣ."

"ಬ್ಯಾಡ ಬಿಡ್ರಿ ಮೇಡಂ," ಸುಶೀಲಕುಮಾರ ಎದ್ದು ನಿಂತಿದ್ದ. "ಸಿಗಬೇಕಾದದ್ದು ಸಿಕ್ತು. ನಮ್ಮ ಸಪನಾ ಏನ್ ಕಳ್ಳಿ ಅಲ್ಲ. ಮನ್ಯಾಗಿಂದು ಮನ್ಯಾಗೇ ಅದ. ಅದಕ್ಕ ಇಷ್ಟೆಲ್ಲಾ ಯಾಕ?"

"ಕಳ್ಳತನದ ಮಾತೇ ಅಲ್ರಿ ಸರ್. ಕಳ್ಳಿ ಆಗಿದ್ರ ಎಲ್ಲಾ ಜ್ವಾಕಿಯಾಗಿ ಇಟ್ಕೋತಿದ್ಳು. ಒಳ್ಳೇಕಿ ಅಂತೇ ಕಣ್ಣು ಮುಚ್ಕೊಂಡು ಅಳಿಸ್ಯಾಳ. ಇವತ್ತಿಗೂ ನಿಮ್ಮ ಮೇಲ್ ಇದರಾಗ ಬರ್ಲತ್ತಾವ. ಬ್ಯಾಂಕಿನ ಪಾಸ್‌ವರ್ಡ್ ಇದರಾಗ ಅದ. ನಾಳಿ ಇದು ಕೆಟ್ಟು ರಿಪೇರಿ ಅಂಗಡಿಗಿ ಹೋದ್ರ? ಈಕಿ ಗೆಳತಿ ಎರಡು ದಿವಸ ಬೇಕಂತ ಒಯ್ದ್ರ? ಅವಾಗ ಮನ್ಯಾಗಿಂದು ಮನ್ಯಾಗೇ ಇರ್ತದೇನು?"

ಸುಶೀಲಕುಮಾರ ಇನ್ನೂ ಒಪ್ಪಿದ ಹಾಗೆ ಕಾಣಲಿಲ್ಲ. ಸಪನಾ ಅವನ ಎದುರು ಬಂದು ನಿಂತಳು.

"ಮಾಮಾ, ಇನ್ನೊಂದು ಹೇಳ್ಬೇಕು. ಮಾಮಿದು ರಕ್ತ ಪರೀಕ್ಷಾ ವರದಿ ಬಂದಾಗ ಈರಮ್ಮ ಮೌಸಿ ಬಾಜೂಕ ಕುಂತಿದ್ಳು. ನಾ ಮುಚ್ಚೂದ್ರೊಳಗ ಓದಿಬಿಟ್ಳು."

"ಆಹಾ!" ಕೇಶರಬಾಯಿ ತೊಡೆ ತಟ್ಟಿದಳು. "ಅದಕ್ಕೇ ಏನು! ಎಕಂಬಾದಾಗ ಮಂದಿ ಬಂದು ಬಂದು, ಸೊಸಿಗಿ ಹ್ಯಾಂಗದರಿ, ಏನ್ ಬ್ಯಾನಿ ಅಂತ ಕೇಳ್ಲತ್ತಿದ್ರು. ನನಗೇ ಗೊತ್ತಿಲ್ಲದ ಸುದ್ದಿ ಇವರಿಗಿ ಹ್ಯಾಂಗ ಬಂತು ಅಂತ ನಾ ವಿಚಾರ ಮಾಡ್ದೆ."

ಸುಶೀಲಕುಮಾರ ಮೆಲ್ಲಗೆ ಮತ್ತೆ ಕೂತ. ಹೆಂಡತಿಗೆ ರಕ್ತ ಕಡಿಮೆಯಿತ್ತು, ಅಷ್ಟೇ. ಆದರೆ ಸಾಯಗಾಂವದಿಂದ ಎಕಂಬಾದ ತನಕ ಹೋಗುವಷ್ಟರಲ್ಲಿ ಅದು ಏನೇನಾಗಿತ್ತೋ.

"ತಪ್ಪು ನಂದೇ ಅದ ತಗೋ," ಎಂದಳು ಕೇಶರಬಾಯಿ. "ಖಾಲಿ ಕೊಡಬ್ಯಾಡ ಅಂದಾಕಿ ನಾನೇ. ಆದ್ರ ಮೇಡಂ, ಈಗೂ ನನ್ನ ಮನಸು ಒಪ್ಪವಲ್ದು. ಮಗಳ ಮನಿಗಿ ಬರೇ ಡಬ್ಬಿ ಕೊಡೂದು ಹ್ಯಾಂಗ್ರಿ?"

ಮಹಮೂದಾ ಬೇಗಂ ನಕ್ಕರು. "ಆಯಿ, ನಿಮ್ಮ ಮನಿಗಿ ಉಪ್ಪಿನಕಾಯಿ ಡಬ್ಬಿ ಬಂತು ಅನ್ರಿ. ತಿರುಗಿ ಕೊಡೂಮುಂದ ಅದೇ ಉಪ್ಪಿನಕಾಯಿ ಮ್ಯಾಲೆ ಸಕ್ರಿ ಸುರಿದು ಕೊಡ್ತೀರೇನು?"

"ಛೀ, ಛೀ! ಡಬ್ಬಿ ತೊಳೆದು, ಬಿಸಲಿಗಿ ಹಿಡಿದು, ಆಮ್ಯಾಲೆ ಸಕ್ರಿ."

"ನಾನೂ ಅಷ್ಟೇ ಹೇಳ್ಲತ್ತೇನಿ. ಮೊದಲು ತೊಳೀರಿ. ಆಮ್ಯಾಲೆ ಮೊಮ್ಮಗಳಿಗಿ ಏನ್ ಹಾಕಿ ಕೊಡ್ತೀರೋ ಕೊಡ್ರಿ."

ಕೇಶರಬಾಯಿ ಮಗನ ಕಡೆ ತಿರುಗಿದಳು. "ತೊಳಿಯಪ್ಪಾ ಹಾಂಗಾದ್ರ. ಮಾಸ್ತರ ಆಗಿ ಇಷ್ಟು ತಿಳೀಲಿಲ್ಲೇನು ನಿನಗ?"

ಆಮೇಲೆ ಕೆಲಸ ನಡೆಯಿತು. ಒಂದೊಂದು ಹೆಜ್ಜೆಯನ್ನೂ ಮೇಡಂ ಹೇಳಿದರು, ಸುಶೀಲಕುಮಾರನೇ ತನ್ನ ಕೈಯಾರೆ ಮಾಡಿದ. ಲ್ಯಾಪ್‌ಟಾಪಿನಲ್ಲಿ ಸಪನಾಳ ಪಾಠದ ಫೈಲುಗಳಿದ್ದವು. ಅವನ್ನು ಮೊದಲು ನಕಲು ಮಾಡಿ ತೆಗೆದಿಟ್ಟರು. ಆಮೇಲೆ ಯಾವುದನ್ನೂ ಅಳಿಸುವ ಮುನ್ನ, ಮಾಮಾನ ಮೇಲ್, ಆನ್‌ಲೈನ್ ಫೋಲ್ಡರು, ಬ್ಯಾಂಕು, ಎಲ್ಲ ಅಕೌಂಟುಗಳಿಂದ ಸೈನ್ ಔಟ್ ಮಾಡಿಸಿದರು.

"ಈ ಹೆಜ್ಜೆ ತಪ್ಪಿದ್ದಕ್ಕೇ ಟಾಕಿ ಖಾಲಿ ಆಯ್ತ್ರಿ. ಮೊದಲು ನಳ ಬಿಚ್ಚಬೇಕು, ಆಮ್ಯಾಲೆ ತೊಳೀಬೇಕು."

ಬ್ರೌಸರಿನಲ್ಲಿ ಉಳಿದಿದ್ದ ಪಾಸ್‌ವರ್ಡುಗಳನ್ನು ತೆಗೆಸಿದರು. ಸುಶೀಲಕುಮಾರನ ಫೋನಿನಲ್ಲಿ ಅವನ ಅಕೌಂಟು ತೆರೆದು, ಅದಕ್ಕೆ ಜೋಡಿಸಿದ ಸಾಧನಗಳಲ್ಲಿ ಈ ಲ್ಯಾಪ್‌ಟಾಪನ್ನು ಹುಡುಕಿ ಕೈಬಿಡಿಸಿದರು. ಕೊನೆಗೆ ಚಾರ್ಜರ್ ಚುಚ್ಚಿ, ಸೆಟ್ಟಿಂಗ್ಸ್‌ಗೆ ಹೋಗಿ ರಿಸೆಟ್. ಫೈಲು ಉಳಿಸಬೇಕೋ, ಎಲ್ಲ ತೆಗೆಯಬೇಕೋ ಎಂದು ಅದು ಕೇಳಿತು. ಎಲ್ಲ ತೆಗೆ ಎಂದರು. ಡ್ರೈವನ್ನೂ ಸ್ವಚ್ಛ ಮಾಡಬೇಕೋ ಎಂದು ಕೇಳಿತು. ಹೌದು ಎಂದರು.

"ಅಳಿಸಿದ ಮ್ಯಾಲೂ ಮತ್ತ ಸ್ವಚ್ಛ ಯಾಕ್ರಿ?" ಸುಶೀಲಕುಮಾರ ಕೇಳಿದ. ಈಗ ಅವನ ಧ್ವನಿಯಲ್ಲಿ ಅನುಮಾನ ಇರಲಿಲ್ಲ, ತಿಳಿಯುವ ಆಸೆ ಇತ್ತು.

"ಬರೇ ಅಳಿಸಿದ್ದು ನಮ್ಮ ಕಣ್ಣಿಗಿ ಕಾಣಂಗಿಲ್ಲ, ಅಷ್ಟೇ. ಬಲ್ಲವರು ಅದನ್ನ ಮತ್ತ ಮ್ಯಾಲೆತ್ತಬಹುದು. ಈ ಹೆಜ್ಜಿಗಿ ಹೊತ್ತು ಹಿಡೀತದ, ಹಿಡೀಲಿ. ನಡೂಕ ಬಂದ್ ಮಾಡಬಾರದು."

ಹೊತ್ತು ಹಿಡಿಯಿತು. ಅಷ್ಟರಲ್ಲಿ ಖಿಚಡಿ ಬೆಂದು, ಹುಣಸೆಯ ಹುಳಿಸಾರು ಖಟ್ಟಾದ ಜೊತೆ ಎಲ್ಲರ ಮುಂದೆ ಬಂತು. ಬೆಳಿಗ್ಗೆಯಿಂದ ಯಾರೂ ಏನೂ ತಿಂದಿರಲಿಲ್ಲ. ಆದರೂ ಸಪನಾಳಿಗೆ ತುತ್ತು ಇಳಿಯಲಿಲ್ಲ. ಚಿತ್ರ ಸಿಕ್ಕಿತ್ತು. ಆ ಚಿತ್ರ ನಾಳೆ ಏನು ಹೇಳುವುದೋ ಅದು ಯಾರಿಗೂ ಗೊತ್ತಿರಲಿಲ್ಲ.

ಪರದೆ ಬೆಳಗಿ, ಹೊಸ ಯಂತ್ರದ ಹಾಗೆ ಹೆಸರು ಕೇಳಿತು. ಸಪನಾ ತನ್ನ ಹೆಸರು ಬರೆದಳು, ತನ್ನದೇ ಅಕೌಂಟು ಹಾಕಿದಳು. ಪಾಸ್‌ವರ್ಡು ಒತ್ತುವಾಗ ಸುಶೀಲಕುಮಾರ ಬಗ್ಗಿ ನೋಡಿದ.

"ಏನಿಟ್ಟಿ?"

"ಹೇಳಂಗಿಲ್ಲ ಮಾಮಾ."

"ಶಾಬಾಸ್!" ಎಂದರು ಮಹಮೂದಾ ಬೇಗಂ. ಆ ದಿನ ಆ ಮನೆಯಲ್ಲಿ ಎಲ್ಲರೂ ಕೂಡಿ ನಕ್ಕದ್ದು ಆಗ ಒಂದೇ ಸಲ.

ಸೋಮವಾರ ನಸುಕಿನ ಬಸ್ಸಿಗೆ ತಾಯಿ ಮಗ ಹೈದರಾಬಾದಿಗೆ ಹೋದರು. ಸಪನಾ ಕಾಲೇಜಿಗೆ ಹೋದಳು, ಪಾಠ ಕಿವಿಗೆ ಬೀಳಲಿಲ್ಲ. ಮಧ್ಯಾಹ್ನವಾಯಿತು, ಫೋನಿಲ್ಲ. ಕಾಲೇಜು ಬಿಟ್ಟಿತು, ಫೋನಿಲ್ಲ. ಭಾಲ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತಳು. ಸಾಯಗಾಂವದ ಬಸ್ಸು ಬಂತು, ಹತ್ತಲಿಲ್ಲ. ಗದ್ದಲದಲ್ಲಿ ಫೋನು ಕೇಳಿಸದಿದ್ದರೆ ಎಂಬ ಹೆದರಿಕೆ. ಬಸ್ಸು ಹೋದ ಮೇಲೆ ಫೋನು ಬಂತು. ಆಯಿಯ ಧ್ವನಿ.

"ಸಪನಾ, ಇಲ್ಲಿ ಚಹಾ ಒಂದಿಷ್ಟೂ ಛಲೋ ಇಲ್ಲ ನೋಡು. ನೀರಾಗ ಸಕ್ರಿ ಕಲಿಸಿ ಕೊಡ್ತಾರ."

"ಆಯಿ! ಡಾಕ್ಟರ್ ಏನಂದ್ರು?"

"ತಡಿ, ಹೇಳ್ತೇನಿ. ಮುಂಜಾನಿಂದ ಕುಂಡ್ರಿಸಿದ್ರು. ಕುಂತು ಕುಂತು ನನ್ನ ಟೊಂಕ ಹೋಯ್ತು."

"ಆಯಿ..."

"ಹಳೀದು ಹೊಸಾದು ಎರಡೂ ಫೋಟೋ ಬಾಜೂಕ್ ಬಾಜೂಕ್ ಇಟ್ಟು ನೋಡ್ದ. ಅಳತಿ ಹಚ್ಚಿ ನೋಡ್ದ. ಎರಡು ವರ್ಷದಾಗ ಎಳ್ಳಷ್ಟೂ ಬೆಳೆದಿಲ್ಲ ಅಂದ. ಹಳೇ ಜ್ವರದ ಗುರುತು ಇರ್ಬೇಕು, ವರ್ಷಕ್ಕೊಮ್ಮೆ ಬಂದು ತೋರ್ಸ್ರಿ ಸಾಕು ಅಂದ. ಸೂಜಿ ಬ್ಯಾಡ ಅಂದ. ಕೇಳ್ದೇನು? ಬ್ಯಾಡ ಅಂದ."

ಸಪನಾ ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತು ಫೋನನ್ನು ಎದೆಗೆ ಒತ್ತಿಕೊಂಡಳು.

"ಯಾಕ, ಫೋನ್ ಕಟ್ಟಾಯ್ತೇನು?" ಎಂದು ಆಯಿ ಆ ಕಡೆಯಿಂದ ಕೂಗುತ್ತಲೇ ಇದ್ದಳು.

ಈ ಕಥೆ ಓದಿದವರೇ, ನಿಮ್ಮ ಊರಿನ ಸಂಘದಲ್ಲಿ ಕೂತು ಕೇಳಿದವರೇ, ಕೇಶರಬಾಯಿಯ ಚಿತ್ರ ಕೊನೆಯ ಗಳಿಗೆಯಲ್ಲಿ ಸಿಕ್ಕಿತು. ಇನ್ನೊಂದು ವಾರ ತಡವಾಗಿದ್ದರೆ ಮಹಮೂದಾ ಬೇಗಂ ಅವರೂ ಏನೂ ಮಾಡುವಂತಿರಲಿಲ್ಲ. ನಿಮ್ಮ ಮನೆಯ ಹಳೆಯ ಲ್ಯಾಪ್‌ಟಾಪನ್ನು ಮಗಳಿಗೆ ಕೊಡಿ, ತಮ್ಮನಿಗೆ ಕೊಡಿ, ಸಂತೋಷದಿಂದ ಕೊಡಿ. ಆದರೆ ಕೊಡುವ ಮೊದಲು ಅದರಲ್ಲಿರುವ ನಿಮ್ಮದನ್ನು ಬೇರೆ ಕಡೆ ನಕಲು ಮಾಡಿಕೊಳ್ಳಿ. ನಕಲು ತೆರೆಯುತ್ತದೆಯೇ ನೋಡಿ. ನಿಮ್ಮ ಅಕೌಂಟುಗಳಿಂದ ಹೊರಗೆ ಬನ್ನಿ. ಆಮೇಲೆಯೇ ರಿಸೆಟ್ ಮಾಡಿ. ಫೋನಾದರೂ ಇದೇ ಕ್ರಮ. ತೆಗೆದುಕೊಳ್ಳುವವರಾದರೆ, ಹಳೆಯ ಮಾಲೀಕರದು ಏನಾದರೂ ಕಂಡರೆ ನೋಡಲೂ ಬೇಡಿ, ಅಳಿಸಲೂ ಬೇಡಿ. ಮೊದಲು ಅವರಿಗೆ ಒಂದು ಫೋನು ಮಾಡಿ. ಮಾಡಲು ಬಾರದಿದ್ದರೆ ಬಲ್ಲವರ ಹತ್ತಿರ ಕೇಳಿ, ಅದರಲ್ಲಿ ನಾಚಿಕೆಯಿಲ್ಲ.

ಯಾರಿಗೋ ಕೊಡಬೇಕೆಂದು ನೀವು ಎತ್ತಿಟ್ಟ ಲ್ಯಾಪ್‌ಟಾಪ್ ಮನೆಯಲ್ಲಿ ಇದೆಯೇ? ಇವತ್ತು ಮನೆಗೆ ಹೋದ ಕೂಡಲೇ ಹೊರಗೆ ತೆಗೆಯಿರಿ. ಅದರೊಳಗೆ ಯಾರ ಜೀವಕ್ಕೆ ಬೇಕಾದದ್ದು ಉಳಿದಿದೆಯೋ, ಕೊಡುವ ಮೊದಲು ನೀವೇ ಒಮ್ಮೆ ನೋಡಿ.